ಒಂದು ಗಾಳಿ ಹಿಂದೆ

ಪುಂತಾ ಅರೇನಾಸಿನಲ್ಲಿ ಬೀದಿಗೆ ಹಗ್ಗ ಕಟ್ಟಿರುತ್ತಾರೆ,
ಗಾಳಿ ಎದ್ದ ದಿನ ಹಿಡಿದು ನಡೆಯಲು.
ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಅವುಚಿ
ಯಾಸ್ನಾ ಬುವಿನಿಚ್ ಬಂದರಿನ ಕಚೇರಿ ಮುಟ್ಟಿದಾಗ
ಪೈಲಟ್ ಯೆರ್ಕೊ ಕಾಲು ಚಾಚಿ ಕೂತಿದ್ದ.

"ನಿನ್ನ ಯಂತ್ರ ಸುಳ್ಳು ಹೇಳುವುದಿಲ್ಲ, ಹುಡುಗಿ,
ಹಳಸಿದ್ದು ಬಡಿಸುತ್ತದೆ, ಅಷ್ಟೆ.
ಅದು ಮೂವತ್ತು ಗಂಟು ಅನ್ನುವಾಗ
ನನ್ನ ಎಡ ಮೊಣಕಾಲು ನಲವತ್ತು ಅನ್ನುತ್ತಿರುತ್ತದೆ.
ನಿನ್ನೆ ಮೊಣಕಾಲನ್ನು ನಂಬಿದೆ.
ಹಡಗು ಉಳಿಯಿತು."

ಜಲಸಂಧಿಯ ಪಡುವಣ ಬಾಯಲ್ಲಿ ದೀಪಸ್ತಂಭ.
ಅಲ್ಲಿ ಒಯಾರ್ಸೊ, ಅವನ ಹೆಂಡತಿ, ಒಂದು ನಾಯಿ.
ಹತ್ತು ನಿಮಿಷಕ್ಕೊಮ್ಮೆ ಅಲ್ಲಿಂದ ಒಂದು ಲಕೋಟೆ,
ಒಳಗೆ ಎರಡು ಸಾಲು: ಮೊದಲು ಒತ್ತಡ, ಆಮೇಲೆ ಗಾಳಿ,
ಗಾಳಿಯ ಬಾಲಕ್ಕೆ ಷರಾ ಬರೆಯಲು ಚೂರು ಜಾಗ.
ಬೀಗ ಹಾಕಿಕೊಂಡೇ ಬರುತ್ತದೆ, ಇಲ್ಲಿ ಬಿಚ್ಚುತ್ತದೆ.
ನಡುದಾರಿಯಲ್ಲಿ ಇಣುಕಿದವರಿಗೆ ಕಾಣುವುದು ಬರೀ ಮರಳು.

ಅವಳು ಮೊದಲು ಗುಮಾನಿ ಪಟ್ಟದ್ದು ಬೀಗದ ಮೇಲೆಯೇ.
ಕೀಲಿ ಸರಿಯಿದೆ.
ಸರ್ಟಿಫಿಕೇಟಿಗೆ ಮಾರ್ಚ್ ತನಕ ಆಯುಸ್ಸಿದೆ.
ಹನ್ನೊಂದರ ಹೊತ್ತಿಗೆ ಲಾಗ್‌ನಲ್ಲಿ ಕಣ್ಣಿಗೆ ಬಿತ್ತು:
ಒತ್ತಡ ಈಗಿನದು. ಗಾಳಿ ಹತ್ತು ನಿಮಿಷ ಹಿಂದಿನದು.
ಒಂದೇ ಲಕೋಟೆಯಲ್ಲಿ ಹೊರಟ ಅಣ್ಣತಮ್ಮಂದಿರು,
ಅಣ್ಣ ಮನೆ ಸೇರಿದ, ತಮ್ಮ ಎಲ್ಲಿ ಕೂತ?

ಮೂರು ವರ್ಷದ ಹಿಂದೆ ಅವಳೇ ಬರೆದ ಕೋಡು:
ಸಾಕೆಟ್ಟಿನ ಬಾಗಿಲಲ್ಲಿ ಕಾವಲಿನವನನ್ನು ನಿಲ್ಲಿಸು.
ಏನಾದರೂ ಬಂದರೆ ಎಬ್ಬಿಸಲಿ.
ಎದ್ದು, ಅರವತ್ತನಾಲ್ಕು ಬೈಟಿನ ಒಂದು ಬೊಗಸೆ ಮೊಗೆದುಕೊ,
ಮತ್ತೆ ಮಲಗು.

ಕಾವಲಿನವ ಪ್ರಾಮಾಣಿಕ.
ಅವನಿಗೆ ಕಾಣುವುದು ಅಂಗಳ ಮಾತ್ರ.
ಲಕೋಟೆ ಇಡಿಯಾಗಿ ಒಳಗೆ ಹೋಗಿ, ಬೀಗ ಬಿಚ್ಚಿ,
ಬೊಗಸೆಗೆ ಸಿಕ್ಕಷ್ಟು ಸಿಕ್ಕಿ,
ಉಳಿದರ್ಧ ಒಳಕೋಣೆಯ ಬಫರಿನಲ್ಲಿ
ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಬಿದ್ದಿರುವುದು
ಅವನಿಗೆ ಹೇಗೆ ಗೊತ್ತಾಗಬೇಕು?
ಅಂಗಳ ಖಾಲಿ, ಅನ್ನುತ್ತಾನೆ. ನಿಜವೇ.
ಮುಂದಿನ ಲಕೋಟೆ ಬಂದು ತಟ್ಟಿದಾಗಲೇ
ಹಿಂದಿನದರ ಬಾಲಕ್ಕೆ ಕೈ ತಾಗುವುದು.
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಸೇರಿಸಬೇಕಾದದ್ದು ಒಂದೇ ಸಾಲು.
ಹೊರಗೆ ಬಂತೇ ಎಂದು ಕೇಳುವ ಮೊದಲು
ಒಳಗೆ ಬಾಕಿ ಎಷ್ಟು ಎಂದು ಕೇಳು.
ಸೊನ್ನೆ ಅನ್ನುವವರೆಗೂ ಕೇಳು. ಆಮೇಲೆ ಕಾಯಿ.

ಬರೆದಳು. ಓಡಿಸುವ ಮುನ್ನ, ಯಾಕೋ,
ಆ ಗಳಿಗೆಯಲ್ಲಿ ಒಳಗೆ ಸಿಕ್ಕಿಬಿದ್ದಿದ್ದ ಬೈಟುಗಳನ್ನು
ಪರದೆಗೆ ಸುರಿದುಕೊಂಡು ನೋಡಿದಳು.

ಗಾಳಿ ೪೪ ಗಂಟು, ವಾಯವ್ಯ.
ಷರಾ: ಚಿಸ್ಪಾ ಮರಿ ಹಾಕಿದೆ. ಮೂರು.
ಒಂದು ಉಸಿರಾಡುತ್ತಿಲ್ಲ, ಉಜ್ಜುತ್ತಿದ್ದೇವೆ.

ಹಳೆಯ ಕೊಂಡಿ ಮುಚ್ಚಬೇಕು. ಹೇಳಿಯೇ ಮುಚ್ಚಬೇಕು.
ಹೇಳದೆ ಹೋದರೆ ಆ ಕಡೆಯವನಿಗೆ
ಎದ್ದು ಹೋದರೋ, ಯಾರೋ ಕತ್ತರಿಸಿದರೋ ತಿಳಿಯುವುದಿಲ್ಲ.
ಹೊರಟೆ ಎಂದಳು. ಆಯಿತು ಎಂದಿತು ದೀಪಸ್ತಂಭ.
ಮತ್ತೆ ಕೈಕುಲುಕು, ಹೊಸ ಕೀಲಿ.

ಹತ್ತು ನಿಮಿಷ.
ಕಾವಲಿನವ ಎಬ್ಬಿಸುತ್ತಾನೆ, ಸುಮ್ಮನಿರಬಹುದು.
ಸುಮ್ಮನಿರಲಾರದೆ ತಾನೇ ಕೇಳುತ್ತಾಳೆ:
ಬಾಕಿ?
ಸೊನ್ನೆ.
ಬಾಕಿ?
ಸೊನ್ನೆ.
ಕಿಟಕಿಯ ತಗಡು ಒಂದೇ ಸಮ ಬಡಿದುಕೊಳ್ಳುತ್ತಿದೆ.

ಗಾಳಿ ೫೧. ಷರಾ ಖಾಲಿ.

ಇನ್ನೊಂದು ಹತ್ತು.
"ಎಷ್ಟು?" ಯೆರ್ಕೊ ಕಣ್ಣು ತೆರೆಯದೆ ಕೇಳಿದ.
"ನಲವತ್ತೊಂಬತ್ತು."
ಮೊಣಕಾಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ತಡೆದ.
"ಹೌದು," ಅಂದ, ತುಸು ಬೇಸರದಿಂದ,
"ಈ ಸಲ ಇಬ್ಬರೂ ಒಟ್ಟಿಗೇ ಹೇಳಿದಿರಿ."

ಅವಳಿಗೆ ಕೇಳಿಸಲಿಲ್ಲ.
ಸಾಲಿನ ಬಾಲ ಓದುತ್ತಿದ್ದಳು:
ಮೂರೂ ಹಾಲು ಕುಡಿಯುತ್ತಿವೆ.