ಎರಡು ಬೆರಳಿನ ಜಾಗ

ಉಚಾ ಬಂದದ್ದು ಸೋಮವಾರ,
ರುಸ್ತವಿಯ ಕಾರು ಸಂತೆಯ ಮರುದಿನ.
ಡಿಕ್ಕಿಯಲ್ಲಿ ನಾಲ್ಕು ಚಕ್ರ, ಕಂಬಳಿ ಹೊದ್ದು
ಮಲಗಿದ ಕೂಸುಗಳ ಹಾಗೆ.
"ಜರ್ಮನಿಯ ಮಾಲು, ನುಗ್ಜಾರ್.
ಐದು ತೂತಿಗೆ ಐದೂ ಕೂಡಿ ಬರುತ್ತೆ."

ಕೂಡಿ ಬಂತು, ಸುಳ್ಳಲ್ಲ.
ಆದರೆ ಕೂಡಿ ಬರುವುದು ಬೇರೆ,
ಕೂಡಿ ಬಾಳುವುದು ಬೇರೆ.
ಚಕ್ರದ ಬೆನ್ನಿಗೆ ಬೆರಳು ಸವರಿ
ಮಸಿಯಡಿಯ ಸಣ್ಣಕ್ಷರ ಓದಿದೆ:
ಆಫ್‌ಸೆಟ್ ಮೂವತ್ತೈದು.
ನಿನ್ನ ಸುಬಾರು ಹುಟ್ಟಿದ್ದು ಐವತ್ತೈದಕ್ಕೆ.
ಆ ಅಂಕಿ ಇಳಿದಷ್ಟೂ ಚಕ್ರ
ಹೊಸಿಲು ದಾಟಿ ಬೀದಿಗೆ ಬರುತ್ತದಪ್ಪ.
ಇಪ್ಪತ್ತು ಮಿಲಿಮೀಟರ್ ಅಲ್ಲೇ ಹೋಯಿತು.
ಅಗಲ ಒಂದಿಂಚು ಜಾಸ್ತಿ ಬೇರೆ,
ಅದರಲ್ಲರ್ಧ ಒಳಗೆ, ಅರ್ಧ ಹೊರಗೆ.
ಹಳೆಯ ಚಕ್ರವಿದ್ದಾಗ ಮಡ್ಗಾರ್ಡಿನ ಕೆಳಗೆ
ನನ್ನ ಎರಡು ಬೆರಳು ಆರಾಮಾಗಿ ಹೋಗುತ್ತಿದ್ದವು.
ಈಗ ಸಿಗರೇಟು ಪೊಟ್ಟಣದ ಕಾಗದ,
ಅದೂ ಉಸಿರು ಹಿಡಿದು.

ಅವನು ಕೇಳುವವನಲ್ಲ.
ಕೂತು ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದ,
ಪೂರ್ತಿ ಬಲಕ್ಕೆ.
"ನೋಡು, ಸದ್ದೇ ಇಲ್ಲ!"

ಖಾಲಿ ಕಾರು ಅಷ್ಟು ಬೇಗ ಉಜ್ಜುವುದಿಲ್ಲ, ಉಚಾ.
ನಾಳೆ ಬಾ.
ಮಗಳ ಬಣ್ಣದ ಜೇಡಿ ಒಂದು ಮುದ್ದೆ ತಾ,
ಜೊತೆಗೆ ನಿನ್ನ ಕಾರು ನಿಜವಾಗಿ ಏನೇನು ಹೊರುತ್ತದೋ
ಅದೆಲ್ಲವನ್ನೂ ತಾ.

ತಂದ.
ಹೆಂಡತಿ ಮರೇಖಿ, ಅತ್ತೆ ತ್ಸಿಯಾಲಾ,
ಬಾಗಿಲಿಗೇ ಅಡ್ಡವಾಗುವ ಭಾವಮೈದ ಬೊಂದೋ,
ಮಡಿಲಲ್ಲಿ ತಾಸೋ, ಐದು ವರ್ಷದವಳು.
ಡಿಕ್ಕಿಯಲ್ಲಿ ದ್ರಾಕ್ಷಾರಸದ ಎರಡು ಕ್ಯಾನು,
ಅಕ್ರೋಟಿನ ಮೂಟೆ, ಯಾರದೋ ಹೊಲಿಗೆ ಯಂತ್ರ.
ಹಸಿರು ಜೇಡಿಯನ್ನು ಚಕ್ಕುಲಿ ಹಿಟ್ಟಿನ ಹಾಗೆ ಹೊಸೆದು
ಹಿಂದಿನ ಎರಡೂ ಕಮಾನಿನ ಅಂಚಿಗೆ ಒತ್ತಿದೆ.
ಹೊರಟೆವು ಸಿಮೆಂಟು ಕಾರ್ಖಾನೆಯ ಹಾದಿ,
ರೈಲು ಹಳಿ, ಆಮೇಲೆ ಆ ಗುಂಡಿ.

ಗರ್ ಎನ್ನಲಿಲ್ಲ. ಕಿರುಚಲೂ ಇಲ್ಲ.
ನಿದ್ದೆಯಲ್ಲಿ ಮಗು ಹಲ್ಲು ಕಡಿದಂತೆ ಒಂದೇ ಒಂದು ಸಲ.
ಎಲ್ಲರೂ ಬೊಂದೋನ ಕಡೆ ನೋಡಿದರು.
ಬೊಂದೋ ಅತ್ತೆಯ ಕಡೆ.
"ನಾನು ನಲವತ್ತೆಂಟು ಕಿಲೋ," ಎಂದಳು ತ್ಸಿಯಾಲಾ,
"ಬೇಕಾದರೆ ಆ ಕ್ಯಾನುಗಳನ್ನು ಕೇಳಿ."

ನನ್ನ ಲಾಡಾಕ್ಕೂ ಹಾಕಿಸಿದ್ದೆ ಒಂದು ಕಾಲದಲ್ಲಿ,
ಇಂಥದೇ ಅಗಲದ ಚಕ್ರ, ಮದುವೆಗೆ ಮೊದಲು.
ವರ್ಷ ಕಳೆದು ಹೆಂಡತಿಗೆ ನೋವು ಬಂದ ರಾತ್ರಿ
ಹಿಂದಿನ ಸೀಟಲ್ಲಿ ಮೂರು ಜನ,
ಆಸ್ಪತ್ರೆಯವರೆಗೂ ಉಜ್ಜಿತು, ಪ್ರತಿ ತಗ್ಗಿಗೂ.
ಅವಳ ನರಳಾಟ ಯಾವುದು, ಟೈರಿನದು ಯಾವುದು,
ಗೊತ್ತಾಗಲಿಲ್ಲ.
ಬೆಳಗಾದ ಮೇಲೆ ಬಗ್ಗಿ ನೋಡಿದೆ:
ಟೈರಿನ ಭುಜ ಸವೆದು ಒಳಗಿನ ನೂಲು ಕಾಣುತ್ತಿತ್ತು.
ಇದನ್ನು ಉಚಾನಿಗೆ ಹೇಳಲಿಲ್ಲ.
ಗಿರಾಕಿಗೆ ಎಲ್ಲವನ್ನೂ ಹೇಳಬಾರದು.

ಹೇಳಿದ್ದು ಇಷ್ಟು.
ಅಂಚನ್ನು ಬಿಸಿ ಮಾಡಿ ಒಳಕ್ಕೆ ಮಡಚಬಹುದು,
ಬಣ್ಣ ಬಿರಿದರೆ ನನ್ನನ್ನು ಬೈಯಬೇಡ.
ಕಿರಿದಾದ ಟೈರು ಹಾಕಬಹುದು.
ಇಲ್ಲವೇ ಮಾರಿ, ನಲವತ್ತೆಂಟರದ್ದು ಹುಡುಕು,
ಸಿಗುತ್ತದೆ, ತಾಳ್ಮೆ ಇದ್ದರೆ.
ನಡುವಿನ ತೂತೂ ದೊಡ್ಡದಿದೆ, ಬಳೆ ತೊಡಿಸಬೇಕು,
ಇಲ್ಲದಿದ್ದರೆ ತೊಂಬತ್ತರ ವೇಗದಲ್ಲಿ ಕೈ ನಡುಗುತ್ತದೆ.
"ಹಳೇ ಚಕ್ರಕ್ಕೆ ಏನಾಗಿತ್ತು?" ಎಂದಳು ತ್ಸಿಯಾಲಾ.
ಯಾರೂ ಉತ್ತರ ಕೊಡಲಿಲ್ಲ.

ತಾಸೋ ತನ್ನ ಜೇಡಿ ವಾಪಸು ಕೇಳಿದಳು.
ಕಿತ್ತು ಕೊಟ್ಟೆ. ಅರ್ಧ ಕಪ್ಪಾಗಿತ್ತು,
ಮೈ ತುಂಬ ಟೈರಿನ ಗೆರೆ.
ಉಜ್ಜಿ ಅಳಿಸುತ್ತಾಳೆ ಎಂದುಕೊಂಡೆ.
ಅಂಗೈ ಮೇಲಿಟ್ಟು ಗೆರೆಯುದ್ದಕ್ಕೂ
ಕಿರುಬೆರಳು ನಡೆಸುತ್ತ ಹೋದಳು,
ಬಾಯಲ್ಲಿ ಇಂಜಿನ್ನಿನ ಸದ್ದು.

ಉಚಾ ಮಾತ್ರ ಹತ್ತು ಹೆಜ್ಜೆ ದೂರ ನಿಂತು
ತಲೆ ವಾರೆ ಮಾಡಿ ಕಾರನ್ನೇ ನೋಡುತ್ತಿದ್ದ.
"ನಿಂತಾಗ ಚೆಂದ ಕಾಣುತ್ತೆ ಅಲ್ವಾ?"
ನಾನೂ ಹೋಗಿ ಪಕ್ಕದಲ್ಲಿ ನಿಂತೆ, ಕೈ ಒರೆಸಿಕೊಳ್ಳುತ್ತ.
ಹೌದು, ಎಂದೆ. ನಿಂತಾಗ ಬಹಳ ಚೆಂದ.