ಹೊರಗಿಂದ ನೋಡಿದರೆ ಏನಿಲ್ಲ

ನೀಲಿನಾಳನ್ನು ಹೂಳಿದ ದಿನ
ರೂರಿಯ ಕಾರಿನ ಡಿಕ್ಕಿ ತೆರೆಯಲಿಲ್ಲ.
ಒಳಗೆ ಅವನ ಬ್ಯಾಗ್‌ಪೈಪು. ಹೊರಗೆ, ಕಡಲಂಚಿನ
ಹಲ್ಲನ್ ಸ್ಮಶಾನದಲ್ಲಿ, ಸೌತ್ ಉಯಿಸ್ಟಿನ ಅರ್ಧ ದ್ವೀಪ
ಟೋಪಿ ಕೈಯಲ್ಲಿ ಹಿಡಿದು ನಿಂತಿತ್ತು.

ಗುಂಡಿ ಒತ್ತಿದ. ಕೀಲಿಯ ಮೇಲಿನ ಗುಂಡಿ,
ಸ್ಟಿಯರಿಂಗಿನ ಪಕ್ಕದ ಗುಂಡಿ, ಆಮೇಲೆ ಮೊಣಕೈಯ ಗುದ್ದು.
ಕೀಲಿತೂತು ಉಪ್ಪುಗಾಳಿಗೆ ಎಂದೋ ಕಣ್ಣು ಮುಚ್ಚಿತ್ತು.
ಹಿಂದಿನ ಸೀಟು ಮಡಚುವ ಜಾತಿಯ ಕಾರಲ್ಲ.
ಇನ್ನೊಂದು ಗುಂಡಿ, ಆರಡಿಯದು,
ಬಾಯಿ ತೆರೆದು ಕಾಯುತ್ತಲೇ ಇತ್ತು.

ಪಾದ್ರಿ ಕೆಮ್ಮಿದರು. ಎಲ್ಲರೂ ನನ್ನ ಕಡೆ ತಿರುಗಿದರು,
ದ್ವೀಪದಲ್ಲಿ ಗಾಡಿಯ ಕರೆಂಟು ಬಲ್ಲವಳು
ನಾನೊಬ್ಬಳೇ ಎಂಬಂತೆ. ನಿಜಕ್ಕೂ ನಾನೊಬ್ಬಳೇ.
ಕಪ್ಪು ಕೋಟಿನ ಜೇಬು ತಡಕಿದೆ:
ಒಂದು ಕರವಸ್ತ್ರ, ಒಂದು ಪುದೀನ ಮಿಠಾಯಿ.

ಅವನಿಗೆ ನುಡಿಸಲು ಕಲಿಸಿದ್ದು ಆ ಮುದುಕಿಯೇ.
ಜನ್ಮದಲ್ಲಿ ಪೈಪು ಮುಟ್ಟಿದವಳಲ್ಲ,
ಬಟ್ಟೆ ಒಣಹಾಕುತ್ತ ಬಾಯಲ್ಲೇ ಸ್ವರ ಹೇಳಿಕೊಟ್ಟವಳು.
ನಿಧಾನದ್ದು ನುಡಿಸು, ಅಂದಿದ್ದಳಂತೆ,
ಆದರೆ ಅಳುಬುರುಕದ್ದು ಬೇಡ.
ಎರಡೂ ಆಗಲಿಲ್ಲ. ಗಾಳಿ ಇತ್ತು. ಗಾಳಿಯಲ್ಲೇ ಇಳಿಸಿದೆವು.

ವಾಪಸು ಬರುವಾಗ, ದನ ತಡೆಯುವ ಕಬ್ಬಿಣದ ಸರಳುಗಳ ಮೇಲೆ
ಅವನ ಕಾರು ಗಡಗಡ ಎಂದದ್ದೇ ತಡ
ಡಿಕ್ಕಿ ತಾನಾಗಿ ತೆರೆದುಕೊಂಡಿತು,
ನಿದ್ದೆ ತಿಳಿದೆದ್ದವನ ಆಕಳಿಕೆಯ ಹಾಗೆ.
ಹಿಂದೆ ಹದಿನೆಂಟು ಕಾರು. ಎಲ್ಲರೂ ಕಂಡರು.
ಮೊದಲು ನಕ್ಕವಳು ನೀಲಿನಾಳ ಮಗಳು.

ಸೋಮವಾರ ನನ್ನ ಶೆಡ್ಡಿನಲ್ಲಿ
ನಲವತ್ತು ಸಲ ಒತ್ತಿದೆ, ನಲವತ್ತು ಸಲವೂ ತೆರೆಯಿತು.
ವೈದ್ಯರ ಹೊಸ್ತಿಲು ದಾಟಿದೊಡನೆ ಹಲ್ಲುನೋವು ಮಾಯ.
ಪೂರ್ತಿ ಕೆಟ್ಟದ್ದು ಎಷ್ಟೋ ವಾಸಿ;
ಆಗಾಗ ಕೆಡುವುದು ಸಾಕ್ಷಿಗೆ ಕರೆದಾಗ
ತಲೆ ಬಾಚಿಕೊಂಡು ಬಂದು ನಿಲ್ಲುತ್ತದೆ.
ಇನ್ವರ್ನೆಸ್ಸಿನವರು ಬೀಗ ಬದಲಿಸಿದ್ದರು, ಆಮೇಲೆ ಫ್ಯೂಸು,
ಆಮೇಲೆ ರೂರಿಯ ತಲೆಯನ್ನೇ ಅನುಮಾನಿಸಿ
ಬಿಲ್ಲು ಕೊಟ್ಟಿದ್ದರು.

ಮಂಗಳವಾರ ಪೈಪಿನಿಂದ ನೀರು ಹೊಡೆದೆ. ತೆರೆಯಿತು.
ಬೈದೆ, ಗೇಲಿಕ್ಕಿನಲ್ಲಿ. ತೆರೆಯಿತು.
ರಾತ್ರಿ ಹೊರಗೆ ಚಳಿಯಲ್ಲಿ ಬಿಟ್ಟೆ.

ಬುಧವಾರ ಬೆಳಗಿನ ಜಾವ ತೆರೆಯಲಿಲ್ಲ.
ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.
ಬಾಗಿಲು ಬಡಿಯದಂತೆ, ಮಲಗಿದ ಕೂಸಿನ ಪಕ್ಕದಿಂದ ಏಳುವವಳ ಹಾಗೆ
ಉಸಿರು ಬಿಗಿಹಿಡಿದು ಹಿಂದಿನ ಸೀಟು ಬಿಚ್ಚಿದೆ,
ಕತ್ತಲಲ್ಲಿ ಕೈ ಚಾಚಿ, ಕೀಲಿನ ಬಳಿಯ ರಬ್ಬರು ಕೊಳವೆಯೊಳಗೆ
ಬೆರಳಿಂದ ಒಂದೊಂದೇ ತಂತಿ ಎಳೆದು ನೋಡಿದೆ.
ಕೆಂಪು, ಗಟ್ಟಿ. ಹಸಿರು, ಗಟ್ಟಿ.
ಕಂದು ಜಗ್ಗಿತು.
ತಂತಿ ಜಗ್ಗಬಾರದು.

ಚರ್ಮಕ್ಕೆ ಒಂದು ಗೀರಿಲ್ಲ. ಒಳಗೆ ತಾಮ್ರ ತುಂಡು.
ತುದಿಗೆ ತುದಿ ತಾಗಿದ ದಿನ ಹೂಂ,
ಕೂದಲೆಳೆ ಸರಿದ ದಿನ ಊಹೂಂ.
ಇಪ್ಪತ್ತು ವರ್ಷ ಒಂದೇ ಕಡೆ ಬಗ್ಗಿ ಎದ್ದು ಬಗ್ಗಿ ಎದ್ದು...
ನನ್ನ ಅಮ್ಮ ಕಡಲಪಾಚಿ ಕುಯ್ಯುತ್ತಿದ್ದಳು,
ಏನಮ್ಮಾ ಸೊಂಟ ಅಂದರೆ
ಏನಿಲ್ಲ, ಅನ್ನುತ್ತಿದ್ದಳು. ಇರಲಿ.

ಬೆಸುಗೆ ಹಾಕಿ, ಮೇಲೊಂದು ತೋಳು ತೊಡಿಸಿದೆ.

ಸಂಜೆ ರೂರಿ ಬಂದ. ತೆರೆದ, ಮುಚ್ಚಿದ, ತೆರೆದ,
ಹನ್ನೆರಡು ಸಲ ಎಣಿಸಿದೆ.
ಸರಿಹೋಗಿದೆ, ಅಂದ.
ಆಮೇಲೆ ಪೈಪನ್ನು ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಹಾಕಿದ.

ನಾನೇನೂ ಹೇಳಲಿಲ್ಲ. ಬಿಲ್ಲಿನಲ್ಲಿ ಬರೆದೆ:
ತಂತಿ, ಅರ್ಧ ಅಡಿ. ಕೂಲಿ, ಮೂರು ದಿನ.
ಅದನ್ನು ಹೊಡೆದುಹಾಕಿ, ಒಂದು ಗಂಟೆ, ಎಂದು ತಿದ್ದಿದೆ.

ಕಾರು ಅವನ ಮನೆಯ ದಿಕ್ಕಿಗೆ ತಿರುಗಲಿಲ್ಲ.
ಗಾಳಿ ಹಲ್ಲನ್ ಕಡೆಯಿಂದ ಬೀಸುತ್ತಿತ್ತು.
ದೀಪ ಆರಿಸಿದೆ,
ಶೆಡ್ಡಿನ ಬಾಗಿಲು ತೆರೆದೇ ಇಟ್ಟೆ.