ಟ್ರಿಪ್ ಶೀಟ್

"ದಿನೊಕು ಏತ್ ಸರ್ತಿ?" ಎಂದು ಕೇಳಿದರು ಡಾಕ್ಟರು,
ಪೆನ್ನಿನ ಮುಚ್ಚಳ ತೆಗೆಯುತ್ತ, ತಲೆ ಎತ್ತದೆ.
ನಾಲ್ಕು, ಎಂದೆ.

ಹದಿನೇಳು ವರ್ಷ ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ
ತಲೆ ಎಣಿಸಿ ಬದುಕಿದವನು ನಾನು.
ಕೂತವರೆಷ್ಟು, ನಿಂತವರೆಷ್ಟು, ಪಾಸಿನ ಮಕ್ಕಳೆಷ್ಟು,
ಪಡುಬಿದ್ರಿಯಲ್ಲಿ ಹಣ ಕೊಡದೆ ಇಳಿದುಹೋದವರೆಷ್ಟು;
ರಾತ್ರಿ ಮಾಲಕರ ಮೇಜಿನ ಮೇಲೆ ರೂಪಾಯಿ ಆಚೀಚೆಯಾದದ್ದಿಲ್ಲ.
ಗೊತ್ತಿತ್ತು ನನಗೆ, ಅದು ಹನ್ನೊಂದು.
ಆದರೆ ಎದುರಿಗೆ ನನ್ನ ತಂಗಿಯ ಪ್ರಾಯದ ಹೆಂಗಸು,
ಹಿಂದೆ ಬಾಗಿಲು ಅರ್ಧ ತೆರೆದೇ ಇತ್ತು.

"ಕಾಯಿಲೆಗೆ ಮುಂಚೆ?"
ಒಂದು. ಬೆಳಿಗ್ಗೆ ಐದಕ್ಕೆ, ಮೊದಲ ಟ್ರಿಪ್ಪಿನ ಮೊದಲು.
ನನ್ನನ್ನು ನೋಡಿ ಗಡಿಯಾರ ಸರಿಮಾಡಬಹುದಿತ್ತು.
"ರಕ್ತ?"
ಆಗೀಗ, ಎಂದೆ.
ಪುನರ್ಪುಳಿ ಸಾರಿನ ಬಣ್ಣ ಎಂದು ಮನೆಯಲ್ಲಿ ಎರಡು ತಿಂಗಳು ಹೇಳಿದ್ದೆ.
ಸುಗಂಧಿ ಸಾರು ಮಾಡುವುದನ್ನೇ ಬಿಟ್ಟಳು.
ಕೆಂಪು ಬಿಡಲಿಲ್ಲ.

ಅವರು ಏನೂ ಅನ್ನದೆ ಮಣಿಕಟ್ಟು ಹಿಡಿದರು.
ಗೋಡೆಯ ಮುಳ್ಳು ಒಂದು ಸುತ್ತು ಬಂತು.
ನೂರಾ ಹನ್ನೆರಡು.
ನಾಲಗೆಯ ಲೆಕ್ಕವನ್ನು ನಾಡಿ ಒಪ್ಪಲಿಲ್ಲ.
ಆಮೇಲೆ ಜ್ವರ, ಆಮೇಲೆ ಎಂಟೂವರೆಗೆ ಇಳಿದ ಹಿಮೋಗ್ಲೋಬಿನ್;
ಒಂದೊಂದೇ ಕಾಗದ ಬಂದು
ನನ್ನ ವಿರುದ್ಧ ಸಾಕ್ಷಿ ಹೇಳಿ ಹೋಯಿತು.

ಕ್ಯಾಮರಾ ಒಳಗೆ ಹೋದಾಗ ಮಗ್ಗುಲಾಗಿ ಮಲಗಿ ಪರದೆ ನೋಡಿದೆ.
"ಒಳ್ಳೆಯ ಕರುಳಲ್ಲಿ ಸಣ್ಣ ಸಣ್ಣ ರಕ್ತನಾಳ ಕಾಣುತ್ತವೆ,
ಹಲಸಿನೆಲೆಯ ಹಿಂಬದಿಯ ಹಾಗೆ.
ನಿಮ್ಮದರಲ್ಲಿ ಅಳಿಸಿಹೋಗಿದೆ, ನೋಡಿ."
ಮುರಕಲ್ಲು ಕಡಿದು ಬಿಟ್ಟ ಗುಂಡಿಯ ಹಾಗಿತ್ತು,
ಒಂದು ಮಳೆ ಬಿದ್ದು ನಿಂತ ಮೇಲಿನದ್ದು.
ಕೊಳವೆ ತಾಗದ ಕಡೆಯೂ ಜಿನುಗುತ್ತಿತ್ತು.
ಅದನ್ನು ಹೊತ್ತುಕೊಂಡೇ ಅಷ್ಟು ದಿನ
ಫುಟ್‌ಬೋರ್ಡಿನಲ್ಲಿ ನಿಂತು "ರೈಟ್, ಪೋಯಿ" ಎಂದಿದ್ದೆ.

ನಾಲ್ಕು ಸಾಲಿನ ಪಟ್ಟಿ, ಸಾಲಿಗೆ ಸೊನ್ನೆಯಿಂದ ಮೂರು.
ಎಷ್ಟು ಸಲ, ಎಷ್ಟು ರಕ್ತ, ಕ್ಯಾಮರಾ ಕಂಡದ್ದೆಷ್ಟು.
ಕೊನೆಯದು ಡಾಕ್ಟರ ಅಂದಾಜಿಗೆ ಬಿಟ್ಟದ್ದು.
ಅದನ್ನು ಖಾಲಿ ಇಟ್ಟು ಕೇಳಿದರು:
"ಮೋನಪ್ಪಣ್ಣ, ಸ್ಟೇಟ್‌ಬ್ಯಾಂಕಿನಿಂದ ಉಡುಪಿಯವರೆಗೆ
ಪಾಯಿಖಾನೆ ಎಲ್ಲೆಲ್ಲಿದೆ?"

ಕೊಟ್ಟಾರದಲ್ಲಿ ಪೆಟ್ರೋಲ್ ಬಂಕು, ಏಳು ಗಂಟೆಯ ನಂತರ.
ಸುರತ್ಕಲ್‌ನಲ್ಲಿ ಮಾರ್ಕೆಟ್ಟಿನ ಹಿಂದೆ, ಚಿಲಕ ಇಲ್ಲ,
ಕಾಲಿನಿಂದ ಒತ್ತಿ ಹಿಡಿಯಬೇಕು.
ಮೂಲ್ಕಿಯಲ್ಲಿ ಹೋಟೆಲಿನ ಅಚ್ಚುತ ಕೀಲಿ ಕೊಡುತ್ತಾನೆ,
ಮುಖ ಮಾತ್ರ ನೋಡುವುದಿಲ್ಲ.
ಪಡುಬಿದ್ರಿಯಲ್ಲಿ ಇಲ್ಲ. ಪಡುಬಿದ್ರಿ ಕಷ್ಟ.
ಕಾಪುವಿನಲ್ಲಿ ಎರಡು. ಕಟಪಾಡಿಯಲ್ಲಿ ಗ್ಯಾರೇಜಿನದ್ದು, ನೀರು ನಾವೇ ಒಯ್ಯಬೇಕು.
ನಿಲ್ಲಿಸಲಾಗಲಿಲ್ಲ ನನಗೆ.
ಡ್ರೈವರ್ ಫೆಲಿಕ್ಸ್ ಒಂದು ಮಾತೂ ಕೇಳದೆ
ಎಲ್ಲೆಲ್ಲಿ ಗಾಡಿ ನಿಧಾನ ಮಾಡುತ್ತಿದ್ದನೆಂದು ಹೇಳುವಾಗ
ಗಂಟಲು ಕಟ್ಟಿತು.

ಮೂರು ಎಂದು ಬರೆದರು.
ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ: ತೀವ್ರ.

ಇವತ್ತು ವಾರ್ಡಿನಲ್ಲಿ ಮೂರನೆಯ ದಿನ. ಕೈಗೆ ಹನಿ ಹನಿ ಸ್ಟಿರಾಯ್ಡ್.
"ಇವತ್ತಿನ ಲೆಕ್ಕ ಮುಖ್ಯ," ಎಂದಿದ್ದಾರೆ,
"ಎಂಟು ದಾಟಿದರೆ ಸರ್ಜನ್ನರನ್ನು ಕರೆಯಬೇಕಾಗುತ್ತದೆ."
ಔಷಧಿ ಚೀಟಿಯ ಹಿಂದೆ ಗೆರೆ ಹಾಕಿಟ್ಟಿದ್ದೇನೆ,
ಹೊತ್ತು ಸಮೇತ, ಟ್ರಿಪ್ ಶೀಟಿನ ಹಾಗೆ.
ಕೆಳಗೆ ರಸ್ತೆಯಲ್ಲಿ ಯಾರೋ ಹೊಸ ಹುಡುಗ
ಉದ್ದಕ್ಕೆ ಸೀಟಿ ಊದಿದ; ಅಷ್ಟುದ್ದ ಬೇಕಿಲ್ಲ.

ಬಂದರು. "ಏತ್?"
"ಆಜಿ," ಎಂದೆ. ಆರು. ಹೆಚ್ಚಿಲ್ಲ, ಕಮ್ಮಿಯಿಲ್ಲ.
ಅವರು ನಗಲಿಲ್ಲ. ಕೈ ಚಾಚಿದರು.
ಚೆಕ್ಕಿಂಗಿನವನಿಗೆ ಟಿಕೇಟು ತೋರಿಸುವ ಪ್ರಯಾಣಿಕನಂತೆ
ಮಣಿಕಟ್ಟನ್ನು ನಾನೇ ಮುಂದೆ ಹಿಡಿದೆ.